ಮನೆ ಕೊಳ್ಳುವವರಿಗೆ ತಮ್ಮದೇ ಬ್ರೋಕರ್ ಏಕೆ ಬೇಕು, ಅವರನ್ನು ಗೊತ್ತುಮಾಡಿಕೊಳ್ಳುವುದು ಹೇಗೆ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಮನೆ ನೋಡಲು ಹೊರಟವರಿಗೆ ಬ್ರೋಕರ್‌ಗಳ ಕೊರತೆ ಎಂದೂ ಆಗುವುದಿಲ್ಲ. ಜಾಹೀರಾತಿನ ಒಂದು ನಂಬರಿಗೆ ಫೋನ್ ಮಾಡಿದರೆ ಸಂಜೆಯೊಳಗೆ ನಾಲ್ಕು ಮಂದಿ ಫೋಟೊ ಕಳುಹಿಸುತ್ತಾರೆ. ಮರುದಿನ ಅವರಲ್ಲೊಬ್ಬರು ಕಾರಿನಲ್ಲಿ ಕೂರಿಸಿಕೊಂಡು ಬಿಜೈ, ಕುಲಶೇಖರ, ಕಾವೂರು ಎಂದು ಮೂರು ಕಡೆ ಸುತ್ತಿಸಿ ಊಟದ ಹೊತ್ತಿಗೆ ಮನೆಗೆ ತಂದು ಬಿಡುತ್ತಾರೆ. ಇಷ್ಟು ಮಾಡಿದವರನ್ನು ನಾವು ಆ ದಿನದಿಂದಲೇ ‘ನಮ್ಮ ಬ್ರೋಕರ್’ ಎಂದು ಕರೆಯತೊಡಗುತ್ತೇವೆ. ಆದರೆ ಅವರು ತೋರಿಸಿದ ಮನೆಯನ್ನು ಮಾರುವವರು ಅವರಿಗೆ ಕಮಿಷನ್ ಕೊಡಲು ಮೊದಲೇ ಒಪ್ಪಿರುತ್ತಾರೆ, ಆದ್ದರಿಂದ ಅವರು ಮಾರುವವರ ಬ್ರೋಕರ್. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಮೊದಲ ಫ್ಲ್ಯಾಟ್ ಕೊಂಡು ಮುಗಿದ ಮೇಲೆ.

ಆಗ ನಾವು ಬ್ರೋಕರ್ ಹತ್ತಿರ ಮನಬಿಚ್ಚಿ ಮಾತಾಡಿದ್ದೆವು. ಬ್ಯಾಂಕ್ ಎಷ್ಟು ಸಾಲ ಮಂಜೂರು ಮಾಡಿದೆ, ಊರಿನ ಅಡಿಕೆ ತೋಟದ ಹಣ ಯಾವಾಗ ಬರುತ್ತದೆ, ಮಗಳ ಶಾಲೆ ಜೂನ್‌ನಲ್ಲಿ ಆರಂಭವಾಗುವುದರಿಂದ ಮೇ ತಿಂಗಳೊಳಗೆ ಮನೆ ಸೇರಲೇಬೇಕು, ಇವೆಲ್ಲವನ್ನೂ ಕಾರಿನಲ್ಲಿ ಕುಳಿತೇ ಹೇಳಿದ್ದೆವು. ಬೆಲೆ ಮಾತಾಡಲು ಕುಳಿತಾಗ ಮಾರುವವರು ನಮ್ಮ ಗರಿಷ್ಠ ಮಿತಿಗೆ ಸರಿಯಾಗಿ ಬಂದು ನಿಂತರು, ಅಲ್ಲಿಂದ ಒಂದು ಸಾವಿರವನ್ನೂ ಇಳಿಸಲಿಲ್ಲ. ನೋಂದಣಿಯ ನಂತರ ಅವರೇ ಸಹಜವಾಗಿ, “ನಿಮಗೆ ಶಾಲೆಯ ಅವಸರ ಇತ್ತಲ್ಲ, ಅದಕ್ಕೆ ನಾನೂ ಬೇಗ ಮುಗಿಸಿದೆ” ಎಂದರು. ನಮ್ಮ ಮಾತನ್ನು ಅಲ್ಲಿಗೆ ತಲುಪಿಸಿದವರಿಗೆ ನಾವೂ ಕಮಿಷನ್ ಕೊಟ್ಟಿದ್ದೆವು. ಇಬ್ಬರಿಂದಲೂ ಹಣ ಪಡೆಯುವ ವ್ಯಕ್ತಿಗೆ ವ್ಯಾಪಾರ ಮುಗಿಯುವುದೊಂದೇ ಮುಖ್ಯವಾಗುತ್ತದೆ. ಅವರನ್ನು ಕೆಟ್ಟವರೆಂದು ದೂರುವುದಕ್ಕಿಂತ, ನಾವು ನಿಂತದ್ದು ಯಾವ ಏರ್ಪಾಡಿನೊಳಗೆ ಎಂದು ತಿಳಿದುಕೊಳ್ಳುವುದು ಉಪಯುಕ್ತ.

ಹಣ ಯಾರಿಂದ ಬರುತ್ತದೆ ಎಂಬುದನ್ನು ಮೊದಲು ನೋಡಿ

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಬಿಲ್ಡರ್ ಬ್ರೋಕರಿಗೆ ಕಮಿಷನ್ ಕೊಡುತ್ತಾರೆ, ಕೊಳ್ಳುವವರು ಏನೂ ಕೊಡಬೇಕಾಗಿಲ್ಲ ಎಂದು ಹೇಳಿಯೇ ನಮ್ಮನ್ನು ಕರೆದೊಯ್ಯುತ್ತಾರೆ. ಆದರೆ ಆ ಹಣವೂ ಫ್ಲ್ಯಾಟಿನ ಬೆಲೆಯಿಂದಲೇ ಹೋಗಬೇಕು. ಹಳೆಯ ಮನೆ ಮತ್ತು ಜಾಗಗಳಲ್ಲಿ ಎರಡೂ ಕಡೆಯಿಂದ ಶೇಕಡಾ ಒಂದೋ ಎರಡೋ ತೆಗೆದುಕೊಳ್ಳುವ ರೂಢಿಯಿದೆ. ಶೇಕಡಾವಾರು ಲೆಕ್ಕವೇ ಕೊಳ್ಳುವವರಿಗೆ ವಿರುದ್ಧವಾದದ್ದು. 80 ಲಕ್ಷ ರೂಪಾಯಿಯ ಮನೆಗೆ ಶೇ. 2ರಂತೆ ಕಮಿಷನ್ 1,60,000 ರೂಪಾಯಿ. ಚೌಕಾಸಿ ಮಾಡಿ ಅದನ್ನು 75 ಲಕ್ಷಕ್ಕೆ ಇಳಿಸಿದರೆ 1,50,000. ನಿಮಗೆ 5 ಲಕ್ಷ ಉಳಿಸಿಕೊಡಲು ಎರಡು ವಾರ ಓಡಾಡಿದವರಿಗೆ ಕೊನೆಯಲ್ಲಿ 10,000 ರೂಪಾಯಿ ಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ಬ್ರೋಕರ್ ಜೊತೆ ಒಂದು ನಿಗದಿತ ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳಿ. ಮನೆಯ ಬೆಲೆ ಏರಿದರೂ ಇಳಿದರೂ ಆ ಮೊತ್ತ ಬದಲಾಗಬಾರದು, ಮತ್ತು ಮಾರುವವರಿಂದ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ ಎಂಬ ಮಾತು ಬರಹದಲ್ಲಿರಬೇಕು.

ಅಮೆರಿಕದಲ್ಲಿ ಕೊಳ್ಳುವವರ ಏಜೆಂಟ್ ಎಂಬುದು ಬೇರೆಯೇ ವೃತ್ತಿಯಾಗಿ ಬಹುಕಾಲದಿಂದ ಇದೆ. ಅಲ್ಲಿಯ ಏಜೆಂಟರ ರಾಷ್ಟ್ರೀಯ ಸಂಘವು ನ್ಯಾಯಾಲಯದಲ್ಲಿ ಮಾಡಿಕೊಂಡ ರಾಜಿಯಂತೆ 2024ರ ಆಗಸ್ಟ್ 17ರಿಂದ ಸಂಘದ ವ್ಯವಸ್ಥೆಯಲ್ಲಿರುವ ಏಜೆಂಟರು ಮನೆ ತೋರಿಸುವ ಮೊದಲೇ ಕೊಳ್ಳುವವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ನಮ್ಮಲ್ಲಿ ಅಂತಹ ಪ್ರತ್ಯೇಕ ವ್ಯವಸ್ಥೆ ಬೆಳೆದಿಲ್ಲವಾದರೂ ಕಾನೂನಿನ ಆಧಾರಕ್ಕೆ ಕೊರತೆಯಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೆಯ ಅಧ್ಯಾಯ ಏಜೆಂಟರ ಕರ್ತವ್ಯಗಳನ್ನು ಹೇಳುತ್ತದೆ: ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎನ್ನುವುದು 213ನೆಯ ಸೆಕ್ಷನ್; ನಿಮಗೆ ತಿಳಿಸದೆ ನಿಮ್ಮ ವ್ಯವಹಾರವನ್ನು ತಮ್ಮದೇ ಲಾಭಕ್ಕೆ ನಡೆಸಿದರೆ ಆ ಲಾಭವನ್ನು ನೀವು ಕೇಳಿ ಪಡೆಯಬಹುದು ಎನ್ನುವುದು 216; ಕೆಲಸದಲ್ಲಿ ದುರ್ನಡತೆ ತೋರಿದರೆ, ಹಾಗೆ ಕೆಟ್ಟ ಕೆಲಸಕ್ಕೆ ಸಂಭಾವನೆ ಇಲ್ಲ ಎನ್ನುವುದು 220. ಇವುಗಳ ಬಲ ನಿಮಗೆ ಸಿಗಬೇಕಾದರೆ ಆ ವ್ಯಕ್ತಿ ನಿಮ್ಮ ಏಜೆಂಟ್ ಎಂದು ತೋರಿಸುವ ಕಾಗದ ಕೈಯಲ್ಲಿರಬೇಕು.

ವಕೀಲರಿದ್ದರೆ ಸಾಲದೇ?

ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ವಕೀಲರು ಬೇಕೇ ಬೇಕು. ಅವರಿಗೆ ಕೊಡುವ ಶುಲ್ಕದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಆದರೆ ವಕೀಲರು ಮೇಜಿನ ಮೇಲೆ ಬಂದ ಕಾಗದಗಳನ್ನು ಓದುತ್ತಾರೆ, ಜಾಗಕ್ಕೆ ಹೋಗಿ ನಿಲ್ಲುವವರು ಕಡಿಮೆ. ಕರಾವಳಿಯಲ್ಲಿ ಕಾಗದಕ್ಕೂ ಮಣ್ಣಿಗೂ ನಡುವೆ ಇರುವ ಅಂತರದಲ್ಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಎರಡನೆಯ ಸಲ ಮನೆ ಹುಡುಕುವಾಗ ನಾವು ನಮ್ಮಿಂದ ಮಾತ್ರ ಹಣ ಪಡೆಯುವ ಒಬ್ಬ ಹಿರಿಯ ಬ್ರೋಕರನ್ನು ಗೊತ್ತುಮಾಡಿಕೊಂಡೆವು. ಮಣಿಪಾಲದ ಸಮೀಪ 12 ಸೆಂಟ್ಸ್ ಜಾಗದಲ್ಲಿದ್ದ ಹೆಂಚಿನ ಮನೆಯೊಂದನ್ನು ನೋಡಲು ಹೋದಾಗ ನಾವೆಲ್ಲ ನೇರವಾಗಿ ಒಳಗೆ ಹೋಗಿ ಕೋಣೆಗಳನ್ನು ಎಣಿಸುತ್ತಿದ್ದರೆ, ಅವರು ಗೇಟಿನ ಹೊರಗೇ ನಿಂತು ಮುಖ್ಯರಸ್ತೆಯಿಂದ ಗೇಟಿನವರೆಗೆ ಬರುವ ಮಣ್ಣಿನ ದಾರಿಯನ್ನು ನೋಡುತ್ತಿದ್ದರು. ಪಕ್ಕದ ಮನೆಯ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಮ್ಮನ ಹತ್ತಿರ ಹೋಗಿ, “ಈ ದಾರಿ ಪಂಚಾಯತಿನದ್ದಾ ಅಮ್ಮ?” ಎಂದು ಕೇಳಿದರು. “ಅಲ್ಲ ಮಾರಾಯ್ರೆ, ಇದು ನಮ್ಮ ಪಟ್ಟಾ ಜಾಗ. ಅವರಿಗೆ ಹೋಗಿ ಬರಲಿಕ್ಕೆ ಬಿಟ್ಟದ್ದು ಅಷ್ಟೆ” ಎಂದು ಆ ಅಮ್ಮ ಹೇಳಿದರು. ಮನೆಯ ಪಹಣಿ, ಋಣಭಾರ ಪ್ರಮಾಣಪತ್ರ, ಕ್ರಯಪತ್ರ ಎಲ್ಲವೂ ಸರಿಯಾಗಿದ್ದವು, ಏಕೆಂದರೆ ಅವೆಲ್ಲವೂ ಆ 12 ಸೆಂಟ್ಸಿಗೆ ಸೇರಿದ ಕಾಗದಗಳು. ದಾರಿಯ ಮಾತು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ನೆರೆಯವರ ಒಳ್ಳೆಯತನದಿಂದ ಸಿಕ್ಕ ಅನುಮತಿಗೂ ದಾರಿಯ ಹಕ್ಕಿಗೂ 1882ರ ಸುಖಾಧಿಕಾರ ಕಾಯ್ದೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಬರಿಯ ಅನುಮತಿಯನ್ನು ಸಾಮಾನ್ಯವಾಗಿ ಕೊಟ್ಟವರು ಹಿಂದಕ್ಕೆ ಪಡೆಯಬಹುದು, ಮನೆ ಕೊಂಡವರಿಗೆ ಅದು ತಾನಾಗಿ ಬರುವುದೂ ಇಲ್ಲ. ಮಾರುವವರು ನೆರೆಯವರಿಗೆ ಪರಿಹಾರ ಕೊಟ್ಟು ದಾರಿಯ ಹಕ್ಕನ್ನು ನೋಂದಣಿ ಮಾಡಿಸಿದ ಮೇಲೆಯೇ ನಾವು ಮುಂಗಡ ಕೊಟ್ಟೆವು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಮಾರುವವರ ಬ್ರೋಕರ್ ಆ ಎರಡು ತಿಂಗಳೂ, ಬೇರೆ ಮೂರು ಪಾರ್ಟಿಗಳು ಕಾಯುತ್ತಿವೆ ಎನ್ನುತ್ತಲೇ ಇದ್ದರು.

ಇಂತಹ ಪ್ರಶ್ನೆಗಳು ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೂ ಹಲವು ಇವೆ. ಕುಮ್ಕಿ ಜಾಗವನ್ನೇ ತೆಗೆದುಕೊಳ್ಳಿ. ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಖಾಸಗಿ ಕೃಷಿ ಜಮೀನಿನ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ಮುಂತಾದವುಗಳಿಗಾಗಿ ವರ್ಗದಾರರಿಗಿದ್ದ ಸವಲತ್ತು ಅದು, ಒಡೆತನ ಸರ್ಕಾರದ್ದೇ. ಆದರೆ ಎಷ್ಟೋ ಕಡೆ ಮುರಕಲ್ಲಿನ ಕಂಪೌಂಡ್ ಕುಮ್ಕಿಯನ್ನೂ ಒಳಗೆ ಸೇರಿಸಿಕೊಂಡು ಎದ್ದಿರುತ್ತದೆ, ಮತ್ತು ಜಾಗ ತೋರಿಸುವಾಗ ಕೈ ಬೀಸುವುದು ಕಂಪೌಂಡಿನ ಕೊನೆಯವರೆಗೆ. ಸೆಂಟ್ಸ್ ಲೆಕ್ಕ ಗೊತ್ತಿರುವ ಬ್ರೋಕರ್ ನಕ್ಷೆ ಹಿಡಿದು ಅಳೆಯಿಸುತ್ತಾರೆ: ಒಂದು ಸೆಂಟ್ಸ್ ಎಂದರೆ 435.6 ಚದರಡಿ, 5 ಸೆಂಟ್ಸ್ ಎಂದರೆ 2,178 ಚದರಡಿ, ಅದಕ್ಕಿಂತ ಕಡಿಮೆ ಬಂದರೆ ಬೆಲೆಯ ಮಾತು ಬೇರೆಯಾಗುತ್ತದೆ.

ಡಿಕ್ಲರೇಶನ್ ಜಾಗಗಳಲ್ಲಿ, ಅಂದರೆ ಗೇಣಿದಾರರು ಭೂಸುಧಾರಣೆಯಲ್ಲಿ ಅರ್ಜಿ ಹಾಕಿ ಪಡೆದ ಜಾಗಗಳಲ್ಲಿ, ಭೂ ನ್ಯಾಯಮಂಡಳಿಯ ಆದೇಶ ಒಬ್ಬರ ಹೆಸರಿನಲ್ಲಿದ್ದರೂ ಅದು ಇಡೀ ಕುಟುಂಬದ ಪರವಾಗಿ ಬಂದದ್ದು ಎಂಬ ತಕರಾರುಗಳು ಇಂದಿಗೂ ಕೋರ್ಟಿಗೆ ಹೋಗುತ್ತಿವೆ. ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಕಟ್ಟಿನ ಮನೆತನಗಳ ಆಸ್ತಿಯಲ್ಲಿ ಯಾವ ಕವರಿನವರಿಗೆ (ಕುಟುಂಬದ ಶಾಖೆಯವರಿಗೆ) ಎಷ್ಟು ಪಾಲು, ಪಾಲುಪಟ್ಟಿ ನೋಂದಣಿಯಾಗಿದೆಯೇ, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ತಂಗಿಯ ಮಕ್ಕಳ ಸಹಿ ಬಿದ್ದಿದೆಯೇ ಎಂಬುದನ್ನು ಊರಿನಲ್ಲಿ ನಾಲ್ಕು ಮನೆಗೆ ಹೋಗಿ ವಿಚಾರಿಸಿದಾಗ ತಿಳಿಯುವಷ್ಟು ಬೇಗ ಕಚೇರಿಯಲ್ಲಿ ತಿಳಿಯುವುದಿಲ್ಲ. ಪವರ್ ಆಫ್ ಅಟಾರ್ನಿಯ ಮೇಲೆ ಮಾರುತ್ತಿದ್ದರೆ, ಅದನ್ನು ಕೊಟ್ಟವರು ಇಂದಿಗೂ ಬದುಕಿದ್ದಾರೆಯೇ ಎಂದು ಕೇಳಲು ಸಂಕೋಚಪಡಬಾರದು. ಸಾಮಾನ್ಯವಾಗಿ ಕೊಟ್ಟವರ ಮರಣದೊಂದಿಗೆ ಆ ಅಧಿಕಾರ ಮುಗಿಯುತ್ತದೆ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ ನದಿಗಳ ಉಬ್ಬರವಿಳಿತದ ದಂಡೆಗಳಿಗೂ ಸಮುದ್ರ ತೀರದಂತೆ ಸಿಆರ್‌ಝಡ್ ಎಂಬ ಕರಾವಳಿ ನಿರ್ಮಾಣ ನಿರ್ಬಂಧದ ನಿಯಮಗಳು ಅನ್ವಯಿಸುತ್ತವೆ ಎಂಬುದನ್ನು ‘ರಿವರ್ ವ್ಯೂ’ ಎಂಬ ಫಲಕ ಹೇಳುವುದಿಲ್ಲ.

ನೀರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಯಾವ ಮನೆಯನ್ನಾದರೂ ಎರಡು ಋತುಗಳಲ್ಲಿ ನೋಡಬೇಕು, ಅದು ಸಾಧ್ಯವಾಗದಿದ್ದರೆ ಆ ಪ್ರದೇಶವನ್ನು ಎರಡೂ ಋತುಗಳಲ್ಲಿ ಕಂಡ ಬ್ರೋಕರ್ ನಿಮ್ಮ ಕಡೆ ಇರಬೇಕು. 2018ರ ಮೇ 29ರ ಮಳೆಗೆ ಮಂಗಳೂರಿನ ರಸ್ತೆಗಳು ತೋಡುಗಳಾದದ್ದನ್ನೂ 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದ್ದನ್ನೂ ನೋಡಿದವರಿಗೆ ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಬಾವಿಯ ತಳ ಕಾಣುತ್ತದೆಯೇ, ಕಡಲ ಹತ್ತಿರದ ಬಾವಿಯ ನೀರಿಗೆ ಆಗ ಉಪ್ಪು ಏರುತ್ತದೆಯೇ, ಗುಡ್ಡ ಅಗೆದು ಕಟ್ಟಿದ ಮನೆಯ ಹಿಂದಿನ ಧರೆಗೆ ತಡೆಗೋಡೆ ಇದೆಯೇ ಎಂಬುದನ್ನು ಮಾರುವವರ ಕಡೆಯವರು ತಾವಾಗಿ ಹೇಳುವುದು ಅಪರೂಪ.

ಆಯ್ಕೆ ಮಾಡುವುದು ಹೇಗೆ

ಮನೆಯನ್ನು ಹುಡುಕುವ ಮೊದಲೇ ಬ್ರೋಕರನ್ನು ಹುಡುಕಿ. ಮನೆ ತೋರಿಸಿದವರನ್ನೇ ಆಮೇಲೆ ನಮ್ಮವರನ್ನಾಗಿ ಮಾಡಿಕೊಳ್ಳುವುದು ಕಷ್ಟ, ಏಕೆಂದರೆ ಆ ಮನೆಯ ಬಗ್ಗೆ ಅವರ ಮಾತು ಅಷ್ಟರಲ್ಲಿ ಬೇರೆ ಕಡೆ ಆಗಿರುತ್ತದೆ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ, ನೋಂದಾಯಿತ ಯೋಜನೆಗಳ ಫ್ಲ್ಯಾಟ್ ಅಥವಾ ನಿವೇಶನಗಳ ಮಾರಾಟದಲ್ಲಿ ಮಧ್ಯಸ್ಥಿಕೆ ವಹಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಗಳಂತೆಯೇ ಏಜೆಂಟರ ಹೆಸರುಗಳನ್ನೂ ಹುಡುಕಬಹುದು. ಹಳೆಯ ಮನೆಗಳ ವ್ಯವಹಾರಕ್ಕೆ ಆ ನೋಂದಣಿ ಕಡ್ಡಾಯವಲ್ಲದಿದ್ದರೂ ನೋಂದಣಿ ಇರುವವರನ್ನು ಆರಿಸುವುದು ಒಳ್ಳೆಯದು. ಅವರ ಮೂಲಕ ಮನೆ ಕೊಂಡವರಲ್ಲಿ ಇಬ್ಬರನ್ನು ಮಾತಾಡಿಸಿ, ಅದಕ್ಕಿಂತ ಮುಖ್ಯವಾಗಿ, ಯಾವ ಮನೆಯನ್ನು ಬೇಡವೆಂದು ಅವರು ಹೇಳಿದ್ದರು ಎಂದು ಕೇಳಿ. ಒಂದು ಮನೆಯನ್ನೂ ಬೇಡವೆನ್ನದ ಬ್ರೋಕರಿಂದ ನಿಮಗೆ ಉಪಯೋಗವಿಲ್ಲ.

ಒಪ್ಪಂದ ಎರಡು ಪುಟದ್ದಾದರೆ ಸಾಕು. ಸಂಭಾವನೆಯ ಮೊತ್ತ, ಅದನ್ನು ಕೊಡುವ ಹಂತಗಳು, ಹುಡುಕಾಟದ ಪ್ರದೇಶ ಮತ್ತು ಅವಧಿ, ಮಾರುವವರಿಂದ ಅಥವಾ ಬಿಲ್ಡರಿಂದ ಹಣ ಪಡೆಯುವುದಿಲ್ಲ ಎಂಬ ಮಾತು, ತಮಗೋ ಬಂಧುಗಳಿಗೋ ಸೇರಿದ ಆಸ್ತಿಯನ್ನು ತೋರಿಸುವುದಾದರೆ ಮೊದಲೇ ತಿಳಿಸಬೇಕೆಂಬ ಷರತ್ತು, ಮತ್ತು ನಿಮ್ಮ ಬಜೆಟ್ಟನ್ನೂ ಅವಸರವನ್ನೂ ಹೊರಗೆ ಹೇಳಬಾರದು ಎಂಬ ವಾಕ್ಯ ಅದರಲ್ಲಿರಲಿ. ಈ ಕೊನೆಯದನ್ನು ಬರೆಯಿಸಲು ಕೆಲವರು ಮುಜುಗರಪಡುತ್ತಾರೆ. ನನ್ನ ಅನುಭವದಲ್ಲಿ ಅತ್ಯಂತ ಬೆಲೆಬಾಳುವ ವಾಕ್ಯ ಅದೇ.

ಗೊತ್ತುಮಾಡಿಕೊಂಡ ಮೇಲೆ

ಮೊದಲ ಕೆಲಸವಾಗಿ ಪೂರ್ತಿ ಖರ್ಚಿನ ಲೆಕ್ಕ ಹಾಕಿಸಿ. 45 ಲಕ್ಷ ರೂಪಾಯಿಗಿಂತ ಹೆಚ್ಚಿನ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. 80 ಲಕ್ಷದ ಮನೆಗೆ ಇವೆರಡೇ 6,08,000 ರೂಪಾಯಿ ಆಗುತ್ತವೆ, ಮತ್ತು ಇದಕ್ಕೆ ಸಾಲ ಸಿಗುತ್ತದೆಂದು ನಂಬಿ ಕೂರಬಾರದು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ತೆರಿಗೆಯನ್ನು (ಟಿಡಿಎಸ್) ಕಡಿತ ಮಾಡಿ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ, ನಮ್ಮಲ್ಲಿ ಇದು ಸಾಮಾನ್ಯ, ಆ ಶೇ. 1ರ ಲೆಕ್ಕ ನಡೆಯುವುದಿಲ್ಲ. ಬೇರೆ ನಿಯಮದಂತೆ ಹೆಚ್ಚು ಕಡಿತ ಮಾಡಬೇಕಾಗುತ್ತದೆ, ತಪ್ಪಿದರೆ ಆದಾಯ ತೆರಿಗೆ ಇಲಾಖೆಯ ನೋಟಿಸ್ ಬರುವುದು ಕೊಂಡವರಿಗೆ. ನಿಮ್ಮ ಬ್ರೋಕರ್ ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಎತ್ತಬೇಕು, ಉತ್ತರವನ್ನು ಚಾರ್ಟರ್ಡ್ ಅಕೌಂಟೆಂಟ್ ಕೊಡಲಿ.

ಫ್ಲ್ಯಾಟ್ ಆದರೆ ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದಿಂದ, ಭಾಗಿಸಿ ನೋಡಲು ಹೇಳಿ. ಚದರಡಿಗೆ 6,000ದಂತೆ 1,250 ಚದರಡಿ ಎಂದು 75 ಲಕ್ಷ ಹೇಳಿದ ಫ್ಲ್ಯಾಟಿನ ಕಾರ್ಪೆಟ್ ಏರಿಯಾ 900 ಚದರಡಿ ಇದ್ದರೆ, ನೀವು ನಿಜವಾಗಿ ಕೊಡುತ್ತಿರುವುದು ಚದರಡಿಗೆ ಸುಮಾರು 8,333 ರೂಪಾಯಿ. ರೇರಾ ಯೋಜನೆಗಳಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹಳೆಯ ಮನೆಗೆ ಟೋಕನ್ ಕೊಡುವಾಗಲೂ, ದಾಖಲೆಗಳಲ್ಲಿ ದೋಷ ಕಂಡರೆ ಹಣ ಮರಳಿಸಬೇಕು ಎಂದು ಬರೆದ ರಸೀದಿ ಪಡೆಯದೆ ಕೊಡಬೇಡಿ, ಮತ್ತು ಹಣವನ್ನು ಮಾರುವವರ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿ. ನಿಮ್ಮ ಬ್ರೋಕರಿನ ಕೈಗೂ ಕೊಡಬೇಡಿ. ಒಳ್ಳೆಯವರು ಅದನ್ನು ಕೇಳುವುದೂ ಇಲ್ಲ.

ಬೆಲೆ ಮಾತಾಡುವ ದಿನ ನೀವು ಹೋಗದಿರುವುದೇ ಒಳ್ಳೆಯದು. ಮಣಿಪಾಲದ ಆ ಹೆಂಚಿನ ಮನೆಯಲ್ಲಿ ನಮ್ಮ ಮನೆಯವರು ಹಲಸಿನ ಮರ ನೋಡಿ ಖುಷಿಪಟ್ಟದ್ದನ್ನು ಮಾರುವವರು ಗಮನಿಸಿದ್ದರು. ನಮ್ಮ ಬ್ರೋಕರ್ ಒಬ್ಬರೇ ಹೋಗಿ ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದದ್ದನ್ನೂ ಅದನ್ನು ಬದಲಿಸಲು ಬಡಗಿ ಕೊಟ್ಟ ಲೆಕ್ಕವನ್ನೂ ಮುಂದಿಟ್ಟು ಮಾತಾಡಿದ್ದರಿಂದ, ಬೆಲೆ ಇಳಿಸುವುದು ಮಾರುವವರಿಗೆ ಅವಮಾನ ಎನಿಸಲಿಲ್ಲ.

ಸಂಭಾವನೆಯ ಕೊನೆಯ ಕಂತನ್ನು ನೋಂದಣಿಯ ದಿನ ಕೊಟ್ಟು ಮುಗಿಸಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಂದ ಮೇಲೆಯೂ ಖಾತೆ ಬದಲಾವಣೆ, ಪಂಚಾಯತ್ ವ್ಯಾಪ್ತಿಯಾದರೆ ನೈನ್-ಇಲೆವೆನ್ (ನಮೂನೆ 9 ಮತ್ತು 11ರ ಆಸ್ತಿ ದಾಖಲೆ), ಮೆಸ್ಕಾಂ ವಿದ್ಯುತ್ ಮೀಟರಿನ ಹೆಸರು, ನೀರಿನ ಸಂಪರ್ಕ, ಅಪಾರ್ಟ್‌ಮೆಂಟ್ ಆದರೆ ಸಂಘದ ಬಾಕಿ ಇಲ್ಲವೆಂಬ ಪತ್ರ ಉಳಿದಿರುತ್ತವೆ. ಅವು ನಿಮ್ಮ ಹೆಸರಿಗೆ ಬಂದ ದಿನ ಆ ಕಂತನ್ನು ಕೊಡುವುದೆಂದು ಒಪ್ಪಂದದಲ್ಲೇ ಬರೆಯಿಸಿ.