ಸಾಂಬ್ರಾದಲ್ಲಿ ಮಳಿಗೆ ಹಿಡಿಯುವ ಮೊದಲು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಶಂಕುಸ್ಥಾಪನೆ ಆಯಿತು. ಕುಂದಾ, ಕರದಂಟು ಮಾರುವವರು, ಚಹಾ ತಿಂಡಿಯವರು, ಟ್ಯಾಕ್ಸಿ ಇಟ್ಟವರು ಅಲ್ಲೊಂದು ಕೌಂಟರ್ ಸಿಕ್ಕರೆ ಹೇಗೆ ಅಂತ ಲೆಕ್ಕ ಹಾಕುವುದು ಸಹಜ. ಆ ಲೆಕ್ಕ ಬಾಡಿಗೆಯಿಂದ ಶುರುವಾಗಿ ಬಾಡಿಗೆಯಲ್ಲೇ ಮುಗಿಯುತ್ತದೆ. ಸುರಕ್ಷತೆಯ ನಿಯಮಗಳು ಎಷ್ಟು ದುಡ್ಡು, ಎಷ್ಟು ದಿನ, ಎಷ್ಟು ಆಳು ಕೇಳುತ್ತವೆ ಎನ್ನುವುದು ಟೆಂಡರ್ ಗೆದ್ದ ಮೇಲೆ ಗೊತ್ತಾಗುತ್ತದೆ.

ನಿಲ್ದಾಣ ಸಣ್ಣದು ಅಂತ ನಿಯಮ ಸಣ್ಣದಾಗುವುದಿಲ್ಲ. ಬೆಂಗಳೂರಿನ ನಿಲ್ದಾಣದಲ್ಲಿ ಚಹಾ ಮಾರುವವರಿಗೆ ಇರುವ ಪಾಸು, ಪೊಲೀಸ್ ಪರಿಶೀಲನೆ, ತರಬೇತಿ ಎಲ್ಲ ಇಲ್ಲಿಯೂ ಇದೆ. ಗಿರಾಕಿ ಮಾತ್ರ ಅಲ್ಲಿನಷ್ಟಿಲ್ಲ. ಖರ್ಚು ಅಷ್ಟೇ, ವ್ಯಾಪಾರ ಕಡಿಮೆ. ಹಾಗಾಗಿ ಇಲ್ಲಿ ಮಳಿಗೆ ಹಿಡಿಯುವವರು ಜಾಸ್ತಿ ಹುಷಾರಾಗಿರಬೇಕು.

ನಿಮ್ಮ ಮೇಲೆ ಯಾರ ಕಣ್ಣಿರುತ್ತದೆ?

ಸಾಂಬ್ರಾ ನಿಲ್ದಾಣವನ್ನು ನಡೆಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ. ಜಾಗ ಕೊಡುವವರು ಅವರೇ. ಅಪಘಾತ ಆಗದಂತೆ ನೋಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಬಾಂಬು, ಅಪಹರಣ, ಒಳನುಸುಳುವಿಕೆ ತಡೆಯುವ ಭದ್ರತೆಯ ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್. 1934ರ ಹಳೆಯ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ. ಡಿಜಿಸಿಎ, ಬಿಸಿಎಎಸ್ ಎರಡಕ್ಕೂ ಈಗ ಅಧಿಕಾರ ಬರುವುದು ಅದರಿಂದಲೇ.

ಡಿಜಿಸಿಎ ಲೈಸೆನ್ಸ್ ಇರುವುದು ನಿಲ್ದಾಣದ ಹೆಸರಿನಲ್ಲಿ, ನಿಮ್ಮ ಹೆಸರಿನಲ್ಲಿ ಅಲ್ಲ. ನಿಮ್ಮ ಮಳಿಗೆಯ ಹಿಂದೆ ಕಸ ಬಿದ್ದಿದ್ದರೆ ತಪಾಸಣೆಗೆ ಬಂದವರು ಅದನ್ನು ನಿಲ್ದಾಣದ ಲೋಪ ಅಂತಲೇ ಬರೆದುಕೊಳ್ಳುತ್ತಾರೆ. ಅದಕ್ಕೇ ಮ್ಯಾನೇಜರ್ ನಿಮ್ಮ ಮೇಲೆ ರೇಗುವುದು. ಕರಾರು ಪತ್ರದಲ್ಲಿ ‘ಕಾಲಕಾಲಕ್ಕೆ ಬರುವ ಎಲ್ಲ ಸುರಕ್ಷತಾ ಆದೇಶಗಳಿಗೆ ಬದ್ಧ’ ಎಂಬ ಅರ್ಥದ ಸಾಲು ಇದ್ದೇ ಇರುತ್ತದೆ. ಅದರ ಮೇಲೆ ಕಣ್ಣು ಹಾಯಿಸಿ ಸುಮ್ನೆ ಸಹಿ ಹಾಕಬೇಡಿ. ನಾಳೆ ಹೊಸ ಆದೇಶ ಬಂದರೆ ಅದರ ಖರ್ಚು ನಿಮ್ಮದು ಎನ್ನುವುದೇ ಆ ಸಾಲಿನ ಅರ್ಥ.

ಪಾಸಿನಿಂದ ಕೆಲಸ ಶುರು ಮಾಡಿ

ಎಲ್ಲಕ್ಕಿಂತ ಜಾಸ್ತಿ ದಿನ ತಿನ್ನುವುದು ಏರೋಡ್ರೋಮ್ ಎಂಟ್ರಿ ಪರ್ಮಿಟ್. ಎಲ್ಲರೂ ಇದನ್ನು ಎಇಪಿ ಇಲ್ಲವೇ ಪಾಸು ಅಂತಾರೆ. ಮೊದಲು ನಿಮ್ಮ ಸಂಸ್ಥೆಗೆ ಬಿಸಿಎಎಸ್‌ನಿಂದ ಭದ್ರತಾ ಅನುಮತಿ ಬೇಕು. ಮಾಲೀಕರು, ಪಾಲುದಾರರ ಹಿನ್ನೆಲೆಯನ್ನೂ ಅವರು ನೋಡುತ್ತಾರೆ. ಅದಾದ ಮೇಲೆ ಪ್ರತಿ ಕೆಲಸಗಾರನ ಪೊಲೀಸ್ ಪರಿಶೀಲನೆ, ಭದ್ರತಾ ಅರಿವಿನ ತರಬೇತಿ, ಬೆರಳಚ್ಚು, ಕೊನೆಗೆ ಕಾರ್ಡು. ಯಾರು ಯಾವ ಜಾಗಕ್ಕೆ ಹೋಗಬಹುದು ಎನ್ನುವುದು ಕಾರ್ಡಿನಲ್ಲೇ ಇರುತ್ತದೆ. ಕುಂದಾ ಕೌಂಟರಿನ ಹುಡುಗ ವಿಮಾನ ನಿಲ್ಲುವ ಏಪ್ರನ್ ಕಡೆ ಕಾಲಿಡುವಂತಿಲ್ಲ.

ಪೊಲೀಸ್ ಪರಿಶೀಲನೆಯ ಹತ್ತಿರ ಎಲ್ಲರೂ ಸಿಕ್ಕಿಬೀಳುತ್ತಾರೆ. ಹುಡುಗ ಇರುವುದು ಬಾಳೇಕುಂದ್ರಿಯಲ್ಲಿ, ಆಧಾರ್ ವಿಳಾಸ ಬಾದಾಮಿಯದ್ದು, ಹೋದ ವರ್ಷ ದುಡಿದದ್ದು ಪುಣೆಯಲ್ಲಿ ಅಂತಿಟ್ಟುಕೊಳ್ಳಿ. ಕಾಗದ ಅಷ್ಟೂ ಕಡೆ ತಿರುಗಬೇಕಾದೀತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ವಿಳಾಸದ ದಾಖಲೆ ನೋಡಿ. ಬೇರೆ ಬೇರೆ ಕಡೆ ಒಂದೊಂದು ರೀತಿ ಬರೆದ ಹೆಸರು ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಮಳಿಗೆ ಸಜ್ಜು ಮಾಡಿಕೊಳ್ಳಲು ಸಾಮಾನ್ಯವಾಗಿ ಇಷ್ಟು ದಿನ ಅಂತ ಕೊಡುತ್ತಾರೆ. ಅದು ಮುಗಿದರೆ ಮಳಿಗೆ ತೆರೆದಿರಲಿ, ಬಿಡಲಿ, ಬಾಡಿಗೆ ಶುರು. ಪಾಸು ಬರುವುದು ತಡವಾದರೆ ಖಾಲಿ ಮಳಿಗೆಗೆ ಕಂತು ಕಟ್ಟಬೇಕಾಗುತ್ತದೆ.

ಸಣ್ಣ ನಿಲ್ದಾಣದ ಇನ್ನೊಂದು ತಾಪತ್ರಯ ಆಳಿನದ್ದು. ದೊಡ್ಡ ನಿಲ್ದಾಣದಲ್ಲಿ ಒಬ್ಬ ರಜೆ ಹಾಕಿದರೆ ಅದೇ ಕಂಪನಿಯ ಪಕ್ಕದ ಮಳಿಗೆಯಿಂದ ಪಾಸು ಇದ್ದವನು ಬಂದು ನಿಲ್ಲುತ್ತಾನೆ. ಇಲ್ಲಿ ಆ ಅನುಕೂಲ ಇಲ್ಲ. ಪಾಸು ಇದ್ದವನ ತಂಗಿಯ ಮದುವೆ ಬಂತು ಅಂದರೆ ಬೀಗ ಹಾಕಬೇಕು. ಮನೆಯವರನ್ನು, ಅಳಿಯನನ್ನು ತಂದು ಕೂರಿಸಲು ಇದು ಊರೊಳಗಿನ ಅಂಗಡಿ ಅಲ್ಲ ಅಲ್ವಾ? ಅದಕ್ಕೇ ಬೇಕಾದ್ದಕ್ಕಿಂತ ಇಬ್ಬರ ಹೆಸರಿನಲ್ಲಿ ಜಾಸ್ತಿ ಪಾಸು ಮಾಡಿಸಿಡಿ. ಬಿಟ್ಟುಹೋದವನ ಕಾರ್ಡು ತಪ್ಪದೆ ವಾಪಸ್ ಕೊಡಿ. ಕಳೆದರೆ ಪೊಲೀಸ್ ದೂರು, ದಂಡ ಎಲ್ಲ ಬರುತ್ತದೆ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರು ‘ಸಿಟಿ ಸೈಡ್’ ಜಾಗ ಕೇಳಿನೋಡಲಿ. ಅಂದರೆ ಟರ್ಮಿನಲ್‌ನ ಹೊರಗೆ, ವಾಹನ ನಿಲ್ಲಿಸುವ ಕಡೆ. ಅಲ್ಲಿ ತಪಾಸಣೆಯ ತೊಡಕು ಕಡಿಮೆ. ಬೀಳ್ಕೊಡಲು ಬಂದ ನೆಂಟರು, ಡ್ರೈವರ್‌ಗಳು ಚಹಾ ಕುಡಿಯುವುದೂ ಅಲ್ಲೇ. ಮೊದಲ ಸಲ ಹೋಗುವವರಿಗೆ ನನ್ನ ಓಟು ಸಿಟಿ ಸೈಡಿಗೆ.

ಅಡುಗೆಮನೆಯಲ್ಲಿ ಒಂದು ಚಾಕು

ಸೆಕ್ಯುರಿಟಿ ಚೆಕ್ ದಾಟಿದ ಮೇಲಿನ ಹಾಲ್‌ನಲ್ಲಿ ಮಳಿಗೆ ಸಿಕ್ಕಿತು ಅನ್ನಿ. ಪ್ರಯಾಣಿಕರ ಬ್ಯಾಗಿನಿಂದ ಚಾಕು, ಕತ್ತರಿ ತೆಗೆಸಿ ಒಳಗೆ ಬಿಟ್ಟಿರುತ್ತಾರೆ. ಅದೇ ಹಾಲ್‌ನಲ್ಲಿ ನೀವು ಈರುಳ್ಳಿ ಹೆಚ್ಚುತ್ತಿರುತ್ತೀರಿ. ಹಾಗಾಗಿ ಅಲ್ಲಿ ಚಾಕುಗಳನ್ನು ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಸರಪಳಿ ಹಾಕಿ ಕಟ್ಟೆಗೆ ಬಿಗಿಯುವುದು ರೂಢಿ. ಒಂದು ಕಡಿಮೆ ಬಂದರೆ ಹುಡುಕಾಟ ಶುರು. ಹೆಚ್ಚುವ ಕೆಲಸವನ್ನೆಲ್ಲ ಊರಿನ ಅಡುಗೆಮನೆಯಲ್ಲೇ ಮುಗಿಸಿ ತಂದರೆ ತಲೆನೋವು ಅರ್ಧ ಕಡಿಮೆ. ಒಳಗೆ ಹೋಗುವ ಹಾಲು, ಬ್ರೆಡ್ಡು, ಬಿಸ್ಕತ್ತಿನ ಪೆಟ್ಟಿಗೆ ಎಲ್ಲಕ್ಕೂ ತಪಾಸಣೆ ಇದೆ. ಸಕ್ಕರೆ ಮುಗಿಯಿತು ಅಂತ ಓಡಿಹೋಗಿ ತರುವ ಅಭ್ಯಾಸ ಇಲ್ಲಿ ನಡೆಯದು.

ಒಲೆ ಹಚ್ಚುವುದನ್ನೂ ಮರೆತುಬಿಡಿ. ಟರ್ಮಿನಲ್ ಒಳಗೆ ಗ್ಯಾಸ್ ಸಿಲಿಂಡರ್‌ಗೆ ಅನುಮತಿ ಸಿಗುತ್ತದೆ ಅಂತ ನಂಬಿ ಟೆಂಡರ್ ಹಾಕಬೇಡಿ. ಇಂಡಕ್ಷನ್, ಓವನ್, ಕರೆಂಟಿನ ಕೆಟಲ್ ಲೆಕ್ಕ ಹಿಡಿಯಿರಿ. ಎಷ್ಟು ಕಿಲೋವ್ಯಾಟ್ ಕೊಡುತ್ತಾರೆ ಎನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಎರಡು ಇಂಡಕ್ಷನ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವ ಕನೆಕ್ಷನ್ನಿನಲ್ಲಿ ದೋಸೆ ವ್ಯಾಪಾರ ಆಗದು.

ಬೆಂಕಿಗೆ ಇಷ್ಟು ಯಾಕೆ ಹೆದರುತ್ತಾರೆ? ವಿಮಾನ ನಿಲ್ದಾಣದ ಅಗ್ನಿಶಾಮಕ ವಾಹನಗಳು ಅಲ್ಲಿರುವುದು ವಿಮಾನಕ್ಕಾಗಿ. ವಿಮಾನದ ಉದ್ದ, ಅಗಲ ನೋಡಿ ಎಷ್ಟು ವಾಹನ, ಎಷ್ಟು ನೀರು, ಎಷ್ಟು ನೊರೆ ಇರಬೇಕು ಅಂತ ದರ್ಜೆ ಮಾಡಿದ್ದಾರೆ. ಏರ್‌ಬಸ್ ಕಂಪನಿಯ ಎ320 ವಿಮಾನಕ್ಕೆ 6ನೇ ದರ್ಜೆ. ಅದಕ್ಕೆ ಕನಿಷ್ಠ 2 ವಾಹನ. ಅವು ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷದೊಳಗೆ ಮುಟ್ಟಬೇಕು. ಅದರಲ್ಲಿ ಒಂದು ನಿಮ್ಮ ಬಾಣಲೆಯ ಬೆಂಕಿ ಆರಿಸಲು ಬಂತು ಅನ್ನಿ. ಅಷ್ಟು ಹೊತ್ತು ರನ್‌ವೇಗೆ ಇರುವ ರಕ್ಷಣೆಯ ದರ್ಜೆ ಇಳಿಯುತ್ತದೆ. ಇಳಿಯಲು ಬಂದ ವಿಮಾನ ಮೇಲೆಯೇ ಸುತ್ತಬೇಕಾಗಬಹುದು, ಬೇರೆ ಊರಿಗೆ ಹೋಗಬೇಕಾಗಲೂಬಹುದು. ವಾಹನ ಹೆಚ್ಚಿಗೆ ಇಟ್ಟಿರುವ ದೊಡ್ಡ ನಿಲ್ದಾಣಕ್ಕೆ ಇದನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ. ಸಣ್ಣ ನಿಲ್ದಾಣಕ್ಕೆ ಕಷ್ಟ. ಹಾಗಾಗಿ ಬೆಂಕಿ ಆರಿಸುವ ನಂದಕ ಮಳಿಗೆಯಲ್ಲೇ ಇರಲಿ, ಅದನ್ನು ಬಳಸಲು ಹುಡುಗರಿಗೆ ಬರಲಿ. ಕರಿಯುವ ಎಣ್ಣೆಯ ಬೆಂಕಿಗೆ ನೀರು ಹಾಕಬಾರದು ಎನ್ನುವುದನ್ನು ಹೇಳಿ ಬಿಟ್ಟರೆ ಸಾಲದು, ಸರಿಯಾಗಿ ಆರಿಸುವುದು ಹೇಗೆ ಅಂತ ಒಮ್ಮೆ ಮಾಡಿ ತೋರಿಸಿ.

ಆಹಾರದ ಲೈಸೆನ್ಸ್ ವಿಚಾರದಲ್ಲೂ ಒಂದು ವ್ಯತ್ಯಾಸ ಇದೆ. ಊರಿನ ಅಂಗಡಿಗೆ ಇರುವ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲಿಗೆ ಸಾಲದು. ವಿಮಾನ ನಿಲ್ದಾಣದೊಳಗೆ ಆಹಾರ ಮಾರಲು ಕೇಂದ್ರದ ಲೈಸೆನ್ಸ್ ಬೇಕು. ಅದೇ ಪ್ರಾಧಿಕಾರದ ಫೋಸ್ಕೋಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಹಾರ ಮುಟ್ಟುವ ಪ್ರತಿ 25 ಜನಕ್ಕೆ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಇರಬೇಕು.

ಕಸ ಅಂದರೆ ಹಕ್ಕಿ

ಬೋಂಡದ ಎಣ್ಣೆ ಕಾಗದ, ಮಿಕ್ಕ ಅನ್ನ ಹೊರಗೆ ಬಿದ್ದರೆ ಹದ್ದು, ನಾಯಿ ಬರುತ್ತವೆ. ಹದ್ದು ಎಂಜಿನ್ನಿಗೆ ಬಡಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಮುಚ್ಚಳ ಇರುವ ಡಬ್ಬಿ, ದಿನಾ ಸಾಗಿಸುವ ವ್ಯವಸ್ಥೆ ಕಡ್ಡಾಯ ಅಂದುಕೊಳ್ಳಿ. ಈ ನಿಯಮ ಬೇಲಿಯ ಹೊರಗೂ ಇದೆ. 1937ರ ವಿಮಾನ ನಿಯಮಗಳ 91ನೇ ನಿಯಮದಂತೆ ನಿಲ್ದಾಣದ ಸುತ್ತ 10 ಕಿ.ಮೀ. ದೂರದೊಳಗೆ ಹಕ್ಕಿ, ಪ್ರಾಣಿಗಳನ್ನು ಸೆಳೆಯುವ ಹಾಗೆ ಕಸ ಎಸೆಯುವಂತಿಲ್ಲ, ಪ್ರಾಣಿ ಕಡಿಯುವಂತಿಲ್ಲ. ಸಾಂಬ್ರಾ, ಬಾಳೇಕುಂದ್ರಿ, ಮೋದಗಾ ಎಲ್ಲ ಇದರೊಳಗೇ ಬರುತ್ತವೆ. ನಿಮ್ಮ ಕಸ ಒಯ್ಯುವವನು ಅದನ್ನು ಎಲ್ಲಿ ಸುರಿಯುತ್ತಾನೆ ಅಂತ ಒಮ್ಮೆ ಹಿಂದೆಯೇ ಹೋಗಿ ನೋಡಿ ಬನ್ನಿ.

ಗೋಡೆ ಕೊರೆಯುವ ಮುನ್ನ

1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್ ಮೇಲಿನ ರಸ್ತೆಯಲ್ಲಿ ವೆಲ್ಡಿಂಗ್ ನಡೆದಿತ್ತು. ಬಿಸಿ ಲೋಹ ಕೆಳಗಿಳಿದು ಚಾವಣಿಯೊಳಗಿನ ಫೋಮಿಗೆ ಬೆಂಕಿ ಹತ್ತಿತು. 17 ಜನ ಸತ್ತರು. ವೆಲ್ಡಿಂಗ್, ಗ್ರೈಂಡಿಂಗ್‌ಗೆ ಪ್ರತಿ ಸಲ ಲಿಖಿತ ಅನುಮತಿ ಕೇಳುವುದು ಸುಮ್ನೆ ಅಲ್ಲ. ಅಲಂಕಾರಕ್ಕೆ ಸುಲಭವಾಗಿ ಉರಿಯುವ ಹಾಳೆ, ಫೋಮು ಬಳಸಬೇಡಿ. ನಿಮ್ಮ ಚೆಂದದ ಬೋರ್ಡು ‘ಎಕ್ಸಿಟ್’ ದೀಪವನ್ನು ಮುಚ್ಚದಿರಲಿ. ಕುರ್ಚಿ ಮೇಜು ಗಡಿ ದಾಟಿ ದಾರಿಗೆ ಬರದಿರಲಿ. ಶಟರಿನ ಮುಂದೆ ಪೆಟ್ಟಿಗೆ ಪೇರಿಸುವ ನಮ್ಮ ಬಜಾರಿನ ಚಾಳಿ ಇಲ್ಲಿ ಬೇಡ.

ರನ್‌ವೇ ಕಡೆಯವರಿಗೆ

ಫ್ಲೈಯಿಂಗ್ ಸ್ಕೂಲು, ಸಾಮಾನು ಏರಿಸುವವರು, ಇಂಧನ ತುಂಬುವವರೂ ಇಲ್ಲಿಯ ಬಾಡಿಗೆದಾರರೇ. ಇವರ ಡ್ರೈವರ್‌ಗಳಿಗೆ ಏಪ್ರನ್‌ನಲ್ಲಿ ಗಾಡಿ ಓಡಿಸಲು ಬೇರೆಯೇ ಪರವಾನಗಿ, ಗಾಡಿಗೂ ಪರವಾನಗಿ ಬೇಕು. ಕುಡಿದಿದ್ದಾರಾ ಅಂತ ಉಸಿರಿನ ಪರೀಕ್ಷೆ ಇಲ್ಲಿ ಪೈಲಟ್‌ಗಳಿಗೆ ಮಾತ್ರ ಅಲ್ಲ, ಇವರಿಗೂ ಇದೆ.

ನೆಲದಲ್ಲಿ ಬಿದ್ದ ಬೋಲ್ಟು, ತಂತಿ, ಪ್ಲಾಸ್ಟಿಕ್ ಚೀಲಕ್ಕೆ ಇವರು ಎಫ್‌ಒಡಿ ಅಂತಾರೆ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಬೇರೊಂದು ವಿಮಾನದಿಂದ ಬಿದ್ದ ಲೋಹದ ಪಟ್ಟಿಯೊಂದು ಕಾಂಕಾರ್ಡ್ ವಿಮಾನದ ಟೈರು ಸೀಳಿತು. 113 ಜನ ಸತ್ತರು. ಹಾಗಾಗಿ ಸ್ಪ್ಯಾನರ್ ಎಣಿಸಿ ಒಳಗಿಡಿ ಎನ್ನುವ ಮೇಲ್ವಿಚಾರಕನನ್ನು ಕಿರಿಕಿರಿ ಮನುಷ್ಯ ಅಂದುಕೊಳ್ಳಬೇಡಿ. ಇನ್ನು ಫೋಟೋ: ಪಕ್ಕದಲ್ಲೇ ವಾಯುಪಡೆಯ ಕೇಂದ್ರ ಇದೆ. ರೀಲ್ಸ್ ಮಾಡುವ ಹುಡುಗರಿಗೆ ಮೊದಲ ದಿನವೇ ಹೇಳಿಬಿಡಿ.

ಕೊನೆಗೆ ದುಡ್ಡಿನ ಮಾತು

ಇಂಥ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಖಾತರಿ ಮೊತ್ತ ಇಲ್ಲವೇ ವ್ಯಾಪಾರದ ಪಾಲು, ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ವಿಮಾನ ರದ್ದಾದ ತಿಂಗಳಲ್ಲೂ ಕನಿಷ್ಠ ಮೊತ್ತ ತಪ್ಪದು. ಅದರ ಮೇಲೆ ಪಾಸು, ತರಬೇತಿ, ಹೆಚ್ಚುವರಿ ಇಬ್ಬರ ಸಂಬಳ, ನಂದಕ, ವೈರಿಂಗ್, ಕಸ ಸಾಗಣೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿ ಆಮೇಲೆ ಬಿಡ್ ಹಾಕಿ.

ಮಹಿಳಾ ಸ್ವಸಹಾಯ ಸಂಘಗಳಿಗೆ ಇನ್ನೊಂದು ದಾರಿ ಇದೆ. ಎಎಐನ ‘ಅವಸರ್’ ಯೋಜನೆಯಲ್ಲಿ 100ರಿಂದ 200 ಚದರ ಅಡಿ ಜಾಗವನ್ನು ಸರದಿಯಂತೆ 15 ದಿನ ಕೊಡುತ್ತಾರೆ. ದೊಡ್ಡ ಗುತ್ತಿಗೆಗೆ ಕೈಹಾಕುವ ಮೊದಲು ವ್ಯಾಪಾರ ಹೇಗಿದೆ ಅಂತ ನೋಡಲು ಇದು ಒಳ್ಳೆಯ ಅವಕಾಶ.

ಟೆಂಡರ್‌ಗೆ ಮುಂಚೆ ಪ್ರಿ-ಬಿಡ್ ಸಭೆ ಇದ್ದರೆ ತಪ್ಪಿಸಬೇಡಿ. ಪಾಸು ತಡವಾದರೆ ಬಾಡಿಗೆ ಮುಂದಕ್ಕೆ ಹೋಗುತ್ತದಾ? ಎಷ್ಟು ಕಿಲೋವ್ಯಾಟ್? ಮಾಲು ಒಳಗೆ ಬಿಡುವ ಹೊತ್ತು ಯಾವುದು? ಹೊಸ ಟರ್ಮಿನಲ್‌ಗೆ ಸ್ಥಳಾಂತರ ಆದರೆ ನಮ್ಮ ಕರಾರು ಏನಾಗುತ್ತದೆ? ಈ ನಾಲ್ಕನ್ನೂ ಕೇಳಿ. ಉತ್ತರ ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲಿ ತರಿಸಿಕೊಳ್ಳಿ.