ರಾಯಚೂರಿನಿಂದ ದೆಹಲಿ, ದುಬೈ: ವಿಮಾನದ ದೂರ, ಹೊತ್ತು ಲೆಕ್ಕ ಹಾಕುವುದು ಹೇಗೆ?

ರಾಯಚೂರು, ದೆಹಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, 77 ಡಿಗ್ರಿ ಚಿಲ್ಲರೆ. ಲೆಕ್ಕ ಕಲಿಯಲು ಇದಕ್ಕಿಂತ ಸಲೀಸಾದ ಜೋಡಿ ಸಿಗದು. ರಾಯಚೂರಿನ ಅಕ್ಷಾಂಶ 16.2, ದೆಹಲಿಯದು 28.6, ವ್ಯತ್ಯಾಸ 12.4. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದು ಗುಣಿಸಿ: ಸುಮಾರು 1,376 ಕಿ.ಮೀ. ಇದು ಹಕ್ಕಿ ಹಾರುವ ದೂರ. ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ, ದೌಂಡ್, ಮನ್ಮಾಡ್ ಅಂತ ಪಡುವಣಕ್ಕೆ ಬಳಸಿ ಹೋಗುವುದರಿಂದ ಹಳಿಯ ಮೇಲೆ ಅದೇ ದೂರ 2,000ದ ಆಸುಪಾಸಿಗೆ ಬರುತ್ತದೆ.

ದುಬೈ ಓರೆಯಾಗಿದೆ, ಅಲ್ಲಿಗೆ ಇನ್ನೊಂದು ಹೆಜ್ಜೆ ಬೇಕು. ಲೆಕ್ಕವನ್ನು ನಿಮ್ಮೂರಿನಿಂದಲ್ಲ, ವಿಮಾನ ಏರುವ ಜಾಗದಿಂದ ಶುರುಮಾಡಿ. ಹೈದರಾಬಾದಿನ ಶಂಷಾಬಾದ್ ನಿಲ್ದಾಣ 17.2 ಉತ್ತರ, 78.4 ಪೂರ್ವ, ದುಬೈ 25.2 ಉತ್ತರ, 55.4 ಪೂರ್ವ. ಅಕ್ಷಾಂಶದ 8 ಡಿಗ್ರಿಗೆ 888 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ, ಅದಕ್ಕೇ ಇಲ್ಲಿ 111 ಹಾಕಬಾರದು. ಎರಡೂ ಊರುಗಳ ನಡುವಿನ ಅಕ್ಷಾಂಶ 21ರ ಬಳಿ ಒಂದು ಡಿಗ್ರಿ 104 ಕಿ.ಮೀ. ಮಾತ್ರ. 23 ಡಿಗ್ರಿಗೆ 2,392. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2,550 ಕಿ.ಮೀ.

ಹೊತ್ತಿಗೆ ಬರೋಣ. ಜೆಟ್ ವಿಮಾನ ಮೇಲೆ 800ರಿಂದ 900 ಕಿ.ಮೀ. ವೇಗದಲ್ಲಿ ಹೋದರೂ 800ರಿಂದಲೇ ಭಾಗಿಸಿ. ಓಡುದಾರಿಗೆ ಹೋಗಲು, ಏರಲು, ಇಳಿಯಲು 30 ನಿಮಿಷ ಸೇರಿಸಿ. ಹೈದರಾಬಾದ್–ದೆಹಲಿ 1,265 ಕಿ.ಮೀ.ಗೆ ಎರಡು ಗಂಟೆ ಐದು ನಿಮಿಷ ಬರುತ್ತದೆ. ಟಿಕೆಟ್‌ನಲ್ಲಿ ಸ್ವಲ್ಪ ಹೆಚ್ಚೇ ಬರೆದಿರುತ್ತಾರೆ. ಸಣ್ಣ ನಿಲ್ದಾಣಗಳಿಂದ ಹಾರುವ, ಪಂಖ (ಪ್ರೊಪೆಲ್ಲರ್) ತಿರುಗುವ ಎಟಿಆರ್ ವಿಮಾನಕ್ಕೆ 800 ಹಾಕಿದರೆ ಲೆಕ್ಕ ಕೆಡುತ್ತದೆ, 500 ಹಿಡಿಯಿರಿ. ದುಬೈಗೆ 3 ಗಂಟೆ 40 ನಿಮಿಷ ಬಂದರೂ ಹೋಗುವಾಗ ಎದುರುಗಾಳಿಗೆ ನಾಲ್ಕರ ಹತ್ತಿರ ಆಗುವುದುಂಟು. ಬರುವಾಗ ಅದೇ ಗಾಳಿ ಬೆನ್ನಿಗೆ, ಚಳಿಗಾಲದಲ್ಲಿ ಇನ್ನೂ ಜೋರು.

ಗಡಿಯಾರದಲ್ಲಿ ಎಡವುವವರೇ ಹೆಚ್ಚು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟು ಅಲ್ಲಿಯ 12:30ಕ್ಕೆ ಇಳಿದರೆ ಪ್ರಯಾಣ ಎರಡೂವರೆ ಗಂಟೆಯದಲ್ಲ, ನಾಲ್ಕರದು. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ.

ಇನ್ನು ನೆಲದ ದಾರಿ. ರಾಯಚೂರಿನಿಂದ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಶಂಷಾಬಾದಿಗೆ ಸುಮಾರು 200 ಕಿ.ಮೀ.; ಕಾರಿಗೆ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಬಳ್ಳಾರಿಯವರು ಅನಂತಪುರದ ಮೇಲೆ ಹೋದರೆ ಬೆಂಗಳೂರು ಊರೊಳಗೆ ನುಗ್ಗದೆ ದೇವನಹಳ್ಳಿ ಸೇರಬಹುದು. ಕೊಪ್ಪಳಕ್ಕೆ ದೊಡ್ಡ ನಿಲ್ದಾಣಗಳಲ್ಲಿ ಹುಬ್ಬಳ್ಳಿಯೇ ಹತ್ತಿರ. ನಿಲ್ದಾಣದಲ್ಲಿ ದೇಶದೊಳಗಿನ ವಿಮಾನಕ್ಕೆ 2 ಗಂಟೆ, ಹೊರದೇಶಕ್ಕೆ 3 ಗಂಟೆ ಮೊದಲೇ ಇರಬೇಕು. ಹಾಗೆ ಕೂಡಿದರೆ ರಾಯಚೂರಿನ ಮನೆಯಿಂದ ದೆಹಲಿ ನೆಲಕ್ಕೆ ಕಾಲಿಡಲು ಒಂಬತ್ತು ಗಂಟೆ.

ನಡುರಾತ್ರಿಯ ಟಿಕೆಟ್ ಇದ್ದರೆ ದಿನಾಂಕವನ್ನು ಎರಡು ಸಲ ಓದಿ. 15ನೇ ತಾರೀಖು 00:40 ಎಂದಿದ್ದರೆ ಅದು 14ರ ರಾತ್ರಿಯ ವಿಮಾನ. ಹೊರದೇಶದ ವಿಮಾನವಾದರೆ ರಾಯಚೂರನ್ನು 14ರ ಸಂಜೆ 5ಕ್ಕೇ ಬಿಡಬೇಕು.