ಅಜ್ಜಿಯ ಸುಣ್ಣದ ಡಬ್ಬಿ, ನಮ್ಮ ಸೈನ್ಸ್ ಕ್ಲಾಸು

ನಾನು ತುಮಕೂರು ಕಡೆ ಒಂದು ಸರ್ಕಾರಿ ಶಾಲೇಲಿ 6, 7ನೇ ಕ್ಲಾಸಿಗೆ ವಿಜ್ಞಾನ ತಗೋತೀನಿ. ಮಕ್ಕಳಿಗೆ ಸೈನ್ಸ್ ಮೇಲೆ ಆಸೆ ಹುಟ್ಟಿಸೋಕೆ ಯಾವ ಕಿಟ್ ತಗೊಳ್ಳೋದು ಅಂತ ತುಂಬಾ ಜನ ಕೇಳ್ತಾರೆ. ಕಿಟ್ ಬೇಡ ಅನ್ನಲ್ಲ, ಆದ್ರೆ ಸೋಡಾ, ವಿನೆಗರ್ ಹಾಕಿ ಜ್ವಾಲಾಮುಖಿ ಉಕ್ಕಿಸಿದ್ರೆ ಮಕ್ಕಳು ಚಪ್ಪಾಳೆ ತಟ್ತಾರೆ, ಬೆಲ್ ಹೊಡೀತಿದ್ದಂಗೆ ಅಲ್ಲಿಗೆ ಮುಗೀತು. ಮನೆಗೆ ಹೋಗಿ ದೊಡ್ಡೋರ ಹತ್ರ ವಾದ ಮಾಡೋ ಅಂಥದ್ದು ಏನಾದ್ರೂ ಸಿಗಬೇಕು, ಆಗ ನೋಡಿ ಮಜಾ.

ಆಮ್ಲ, ಪ್ರತ್ಯಾಮ್ಲ ಪಾಠಕ್ಕೆ ನಾನು ಲಿಟ್ಮಸ್‌ನಿಂದ ಶುರು ಮಾಡಲ್ಲ. ಹೊಸ ಮದುಮಕ್ಕಳು ಮನೆಗೆ ಬಂದಾಗ ಆರತಿ ಎತ್ತೋ ನೀರು ಯಾಕೆ ಕೆಂಪಗಿರುತ್ತೆ ಅಂತ ಕೇಳ್ತೀನಿ ಅಷ್ಟೇ. "ಕುಂಕುಮ ಹಾಕ್ತಾರೆ ಮಿಸ್" ಅಂತ ಅರ್ಧ ಕ್ಲಾಸು. ಒಬ್ಬಳು ಎದ್ದು "ಇಲ್ಲ ಮಿಸ್, ನಮ್ಮಜ್ಜಿ ಅರಿಶಿನದ ನೀರಿಗೆ ಸುಣ್ಣ ಹಾಕ್ತಾರೆ" ಅಂದ್ಳು. ಹಳದಿಗೆ ಬಿಳಿ ಹಾಕಿದ್ರೆ ಕೆಂಪು ಹೆಂಗೆ ಬರುತ್ತೆ ಅಂತ ಗಲಾಟೆಯೋ ಗಲಾಟೆ. ಯಾರು ಸರಿ ಅಂತ ನಾನು ಹೇಳ್ಲಿಲ್ಲ. ಮಾರನೇ ದಿನ ಅಜ್ಜಿಯ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬೀನೇ ಎತ್ಕೊಂಡು ಬಂದಿದ್ಳು!

ಬಿಳಿ ಹಾಳೆಗೆ ಅರಿಶಿನ ಕಲಸಿ ಬಳಿದು ಒಣಗಿಸಿ ಪಟ್ಟಿ ಮಾಡ್ಕೊಂಡ್ವಿ. ಸೋಪಿನ ನೀರು, ವಾಷಿಂಗ್ ಸೋಡಾ, ಸುಣ್ಣದ ತಿಳಿ ಹಾಕಿದ ಕಡೆ ಕೆಂಪಾಯ್ತು, ಹುಣಸೆ ರಸ, ನಿಂಬೆ ರಸ, ಮೊಸರು ಹಾಕಿದ ಕಡೆ ಹಳದಿಯಾಗೇ ಉಳೀತು, ಕೆಂಪಾದ ಜಾಗಕ್ಕೆ ನಿಂಬೆಹಣ್ಣು ಹಿಂಡಿದ್ರೆ ಮತ್ತೆ ಹಳದಿ. (ಸುಣ್ಣ ಮಾತ್ರ ನಾನೇ ಮುಟ್ಟೋದು, ಕಣ್ಣಿಗೆ ಬಿದ್ರೆ ಕಷ್ಟ. ಮಕ್ಕಳಿಗೆ ಮೇಲಿನ ತಿಳಿ ನೀರು, ಅದೂ ಕಡ್ಡೀಲಿ ಒಂದೊಂದು ಹನಿ.) ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋದು ಪ್ರತ್ಯಾಮ್ಲ ಸಿಕ್ಕಾಗ ಬಣ್ಣ ಬದಲಾಯಿಸುತ್ತೆ ಅನ್ನೋದನ್ನ ಇಷ್ಟೆಲ್ಲ ಆದ್ಮೇಲೆ ಹೇಳಿದೆ.

ಯಾವಾಗ್ಲೂ ಹಿಂದಿನ ಬೆಂಚಲ್ಲಿ ಸುಮ್ನೆ ಕೂರೋ ಹುಡುಗ ಒಬ್ಬ "ಮಿಸ್, ಸಕ್ಕರೆ ನೀರಲ್ಲೂ ಹಳದಿ, ನಿಂಬೆಹಣ್ಣಲ್ಲೂ ಹಳದಿ, ಹಂಗಾದ್ರೆ ಎರಡೂ ಒಂದೇನಾ?" ಅಂದ. ಇಡೀ ಪಾಠದ ತಿರುಳೇ ಅದು, ಯಾಕಂದ್ರೆ ಅರಿಶಿನಕ್ಕೆ ಆಮ್ಲ ಯಾವ್ದು, ತಟಸ್ಥ (ಆಮ್ಲಾನೂ ಅಲ್ಲ, ಪ್ರತ್ಯಾಮ್ಲಾನೂ ಅಲ್ಲ, ಸಕ್ಕರೆ ನೀರಿನ ಥರ) ಯಾವ್ದು ಅಂತ ಬೇರೆ ಮಾಡಿ ತೋರಿಸೋಕೆ ಬರಲ್ಲ. ಉತ್ತರ ಕೊಡೋ ಬದ್ಲು ಸ್ಕೂಲ್ ಕಾಂಪೌಂಡಿನ ಕೆಂಪು ದಾಸವಾಳ ಕಿತ್ಕೊಂಡ್ ಬಾ ಅಂದೆ. ಬಿಸಿನೀರಲ್ಲಿ ದಳ ನೆನೆಸಿ, ಆ ನೀರಿಗೆ ನಿಂಬೆ ರಸ ಬಿಟ್ರೆ ಗಾಢ ಗುಲಾಬಿ, ಸೋಪಿನ ನೀರು ಬಿಟ್ರೆ ಹಸಿರು, ಸಕ್ಕರೆ ನೀರು ಬಿಟ್ರೆ ಬಣ್ಣ ಹಂಗೇ ಇರುತ್ತೆ. ಅವತ್ತಿಂದ ಅವನು ಮುಂದಿನ ಬೆಂಚು.

ಮನೇಲಿ ಮಾಡೋಕೆ ನನ್ನ ಫೇವರಿಟ್ ದೋಸೆ ಹಿಟ್ಟು. ರುಬ್ಬಿದ ಹಿಟ್ಟನ್ನ ಎರಡು ಬಾಟಲಿಗೆ ಅರ್ಧಕ್ಕಿಂತ ಕಮ್ಮಿ ಹಾಕಿ ಬಾಯಿಗೆ ಬಲೂನ್ ಸಿಗಿಸಿ, ಒಂದು ಫ್ರಿಜ್ಜಲ್ಲಿ, ಒಂದು ಒಲೆ ಪಕ್ಕ. ಬೆಳಗ್ಗೆ ಒಲೆ ಪಕ್ಕದ್ದು ಎದ್ದಿರುತ್ತೆ, ಫ್ರಿಜ್ಜಲ್ಲಿರೋದು ಜೋತು ಬಿದ್ದಿರುತ್ತೆ. ಸೂಕ್ಷ್ಮಜೀವಿಗಳು ಕಾರ್ಬನ್ ಡೈಆಕ್ಸೈಡ್ ಬಿಡ್ತವೆ, ಚಳಿಗೆ ಅವುಗಳ ಕೆಲಸ ನಿಧಾನ, ಡಿಸೆಂಬರಲ್ಲಿ ಹಿಟ್ಟು ಯಾಕೆ ಬೇಗ ಉಬ್ಬಲ್ಲ ಅನ್ನೋದೂ ಇದೇ. ಪೇರೆಂಟ್ಸಿಗೆ ನಂದು ಒಂದೇ ರಿಕ್ವೆಸ್ಟು, ಮಗು ಕೇಳಿದ ತಕ್ಷಣ ಗೂಗಲ್ ಮಾಡಿ ಉತ್ತರ ಓದ್ಬೇಡಿ. "ನಿಂಗೇನ್ ಅನ್ಸುತ್ತೆ ಪುಟ್ಟ" ಅಂತ ಮೊದ್ಲು ಕೇಳಿ.

ಶೂನ್ಯ ನೆರಳಿನ ದಿನಾನೂ ಬಿಡಲ್ಲ ನಾವು. ಏಪ್ರಿಲ್ ಕೊನೆ ವಾರದಲ್ಲಿ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಒಂದು ದಿನ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದಾಗ ನೆಟ್ಟಗೆ ನಿಲ್ಲಿಸಿದ ಪೈಪಿಗೆ ನೆರಳೇ ಇರಲ್ಲ. ಏಪ್ರಿಲಲ್ಲಿ ಬೇಸಿಗೆ ರಜೆ, ಆಗಸ್ಟಲ್ಲಿ ಮೋಡ, ಅದೊಂದು ಗೋಳು. ಸರಿಯಾಗಿ 12ಕ್ಕೆ ಅಲ್ಲ, ನಮ್ಮ ಕಡೆ 12.20ರ ಸುಮಾರಿಗೆ ಆಗೋದು, ಯಾಕಂದ್ರೆ ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರೋದು ಅದಕ್ಕಿಂತ ಪಶ್ಚಿಮಕ್ಕೆ, ಸೂರ್ಯ ನಮ್ಮ ನೆತ್ತಿಗೆ ಬರೋದು ಸ್ವಲ್ಪ ತಡ.

ಪೋರ್ಷನ್ ಮುಗಿಯಲ್ವಲ್ಲ ಅಂತ ಕೇಳೋ ಟೀಚರ್‌ಗಳಿಗೆ: ಒಂದೆರಡು ಪೀರಿಯಡ್ ಜಾಸ್ತಿ ಹೋಗುತ್ತೆ, ನಿಜ. ಆದ್ರೆ ಬೋರ್ಡ್ ಮೇಲೆ ನೋಟ್ಸ್ ಬರೆಸೋ ಟೈಮು ಉಳಿಯುತ್ತೆ, ಕಂಡಿದ್ದನ್ನ ಮಕ್ಕಳೇ ಬರ್ಕೋತಾರೆ. ಕಾಗುಣಿತ ತಪ್ಪಿರುತ್ತೆ, ಅದನ್ನ ಕನ್ನಡ ಮೇಷ್ಟ್ರು ನೋಡ್ಕೋತಾರೆ ಬಿಡಿ.